ಮೇನ್ ಸ್ವಿಚ್ಚಿನ ಮೇಲೆ ಎರಡು ಬೀಗ

ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಭಾವ ಬಾಯಿ ಸುಟ್ಟುಕೊಳ್ಳದೆಯೇ ಊದುವ ಜಾತಿ. ಲಿಫ್ಟ್ ರಿಪೇರಿ ಅವನ ಕಸುಬು. ಆ ಕಸುಬಿನಲ್ಲಿ ಧೈರ್ಯವಂತರು ಬೇಗ ಮೇಲೆ ಹೋಗುತ್ತಾರೆ, ಪುಕ್ಕಲರು ಪಿಂಚಣಿ ತಿನ್ನುತ್ತಾರೆ ಎಂದು ಅವನೇ ಹೇಳುತ್ತಿದ್ದ. ಅವನಿಗೂ ಒಂದು ಹೆಸರಿತ್ತು. ಆದರೆ ಜೊತೆಗೆ ಕೆಲಸ ಮಾಡುವ ಹೆಂಡತಿಯ ತಮ್ಮ ಹೊತ್ತುಗೊತ್ತಿಲ್ಲದೆ "ಭಾವ, ಭಾವ" ಎಂದು ಕರೆಯುವುದನ್ನು ಕೇಳಿ ಕೇಳಿ, ಮಾಲೀಕನಿಂದ ಹಿಡಿದು ಟೀ ತರುವವನವರೆಗೆ ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದರು. "ಇಷ್ಟೊಂದು ಜನ ತಮ್ಮಂದಿರನ್ನ ನಮ್ಮಮ್ಮ ಯಾವಾಗ ಹೆತ್ತಳೋ" ಎಂದು ಅವನ ಹೆಂಡತಿ ನಗುತ್ತಿದ್ದಳು.

ನಿಜವಾದ ಭಾಮೈದ ಒಬ್ಬನೇ, ಮತ್ತು ಒಬ್ಬನೇ ಸಾಕಾಗಿದ್ದ. ಒಳ್ಳೆಯ ಕೈ, ಹಗುರ ತಲೆ. ಸ್ಪ್ಯಾನರ್ ಇಟ್ಟಲ್ಲಿ ಇರುವುದಿಲ್ಲ, ಊಟಕ್ಕೆ ಕರೆದರೆ ಮಾತ್ರ ಕರೆದಲ್ಲಿಗೆ ಬರುತ್ತಾನೆ. ಹೊರದೇಶದ ಒಂದು ಸರ್ಕಾರಿ ಆಸ್ಪತ್ರೆಯ ಹಳೆಯ ಲಿಫ್ಟಿಗೆ ಹೊಸ ಉಕ್ಕಿನ ಹಗ್ಗ ಹಾಕುವ ಕೆಲಸ ಕಂಪನಿಗೆ ಸಿಕ್ಕಿ, ಇಬ್ಬರನ್ನೂ ಕಳಿಸುವುದೆಂದು ತೀರ್ಮಾನವಾದಾಗ ಹೆಂಡತಿ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದ್ದು ಒಂದೇ ಮಾತು.

"ಇವನನ್ನ ಕರ್ಕೊಂಡು ಹೋದ ಹಾಗೇ ವಾಪಸ್ ಕಳಿಸ್ಬೇಕು. ಒಂದು ಕೂದಲು ಕೊಂಕಿದ್ರೂ ನಿಮ್ಮನ್ನ ಮನೆಯೊಳಗೆ ಸೇರಿಸಲ್ಲ."

ತಮಾಷೆಗೆ ಹೇಳಿದ್ದಳೆಂದು ಬೇರೆಯವರು ಅಂದುಕೊಳ್ಳಬಹುದು. ಭಾವ ಹಾಗೆ ಅಂದುಕೊಳ್ಳಲಿಲ್ಲ. ತಾಯಿ ಸತ್ತ ಮೇಲೆ ಆ ಹುಡುಗನನ್ನು ಎತ್ತಿ ಆಡಿಸಿದವಳು, ಬೆಳೆಸಿದವಳು ಅವಳೇ.

ಆಸ್ಪತ್ರೆ ನಾಲ್ಕು ಮಹಡಿಯದು. ಗೋಡೆಗೆ ಎದೆಮಟ್ಟದವರೆಗೆ ಹಸಿರು ಬಣ್ಣ, ಅದರ ಮೇಲೆ ಸುಣ್ಣ. ಕಿರಿದಾದ ಮೆಟ್ಟಿಲು. ಸ್ಟ್ರೆಚರ್ ಹಿಡಿಸುವಂಥದ್ದು ಆ ಒಂದೇ ಲಿಫ್ಟು. ಅದರ ಮೇನ್ ಸ್ವಿಚ್ಚು ತಾರಸಿಯ ಮೇಲಿನ ಮೋಟಾರ್ ಕೋಣೆಯಲ್ಲಿತ್ತು. ಲಿಫ್ಟು ಓಡಾಡುವ ಉದ್ದನೆಯ ಹೊಂಡಕ್ಕೆ ಈ ಕೆಲಸದವರು ಬಾವಿ ಎನ್ನುತ್ತಾರೆ. ಬಾವಿಗೆ ಇಳಿಯುವ ಪ್ರತಿಯೊಬ್ಬನೂ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ ಅದಕ್ಕೆ ತನ್ನದೇ ಬೀಗ ಹಾಕಬೇಕು, ಬೀಗದ ಜೊತೆ ತನ್ನ ಫೋಟೊ ಇರುವ ತಗಡು ತೂಗುಹಾಕಬೇಕು, ಕೀಲಿಕೈಯನ್ನು ತನ್ನ ಕೊರಳಲ್ಲೇ ಇಟ್ಟುಕೊಳ್ಳಬೇಕು. ಇಬ್ಬರು ಇಳಿದರೆ ಎರಡು ಬೀಗ. ಕರೆಂಟು ಕೊಡುವುದು ಎರಡೂ ಬೀಗ ತೆಗೆದ ಮೇಲೆಯೇ. ಯಾರ ಬೀಗವೋ ಅವನೇ ತೆಗೆಯಬೇಕು. ಇಷ್ಟೇ ಕಾನೂನು. ಇಷ್ಟನ್ನು ಪಾಲಿಸದೆ ಜಜ್ಜಿಹೋದವರ ಕಥೆಗಳು ಭಾವನ ಬಳಿ ಬೇಕಾದಷ್ಟಿದ್ದವು, ಊಟದ ಹೊತ್ತಿಗೆ ಹೇಳುವ ಅಭ್ಯಾಸವೂ ಇತ್ತು.

ಆಸ್ಪತ್ರೆಯ ಕಾವಲುಗಾರನಿಗೂ ಭಾವ ಇದನ್ನು ಕಲಿಸಿದ. ಆತನಿಗೆ ಮೀಸೆ ಎಂದು ಹೆಸರಿಟ್ಟವನು ಭಾಮೈದ. ಮುಖಕ್ಕೆ ಮಾಸ್ಕು ಹಾಕಿದರೂ ಎರಡೂ ಕಡೆಯಿಂದ ಮೀಸೆ ಹೊರಗೆ ಇಣುಕುತ್ತಿತ್ತು. ಆ ದೇಶದ ಭಾಷೆ ಭಾವನಿಗೆ ಕೆಲಸಕ್ಕೆ ಬೇಕಾದಷ್ಟು ಬರುತ್ತಿತ್ತು, ಜಗಳಕ್ಕೆ ಬೇಕಾದಷ್ಟು ಬರುತ್ತಿರಲಿಲ್ಲ. ಆದ್ದರಿಂದ ಮಾತಿಗಿಂತ ಅಭಿನಯವೇ ಜಾಸ್ತಿಯಾಯಿತು. ಬೀಗ ತೋರಿಸಿದ, ಫೋಟೊ ತೋರಿಸಿದ, ಎರಡು ಅಂಗೈಗಳ ನಡುವೆ ಒಂದು ಟೊಮೇಟೊ ಇಟ್ಟು ಹಿಸುಕಿ ತೋರಿಸಿದ.

"ಬೀಗ ಇದೆ ಅಂದ್ರೆ ಒಳಗೆ ಮನುಷ್ಯ ಇದಾನೆ. ದೊಡ್ಡ ಡಾಕ್ಟರ್ ಹೇಳಿದ್ರೂ ತೆಗೀಬಾರದು, ಮಂತ್ರಿ ಬಂದು ಹೇಳಿದ್ರೂ ತೆಗೀಬಾರದು. ಬೇರೆ ಯಾರಾದ್ರೂ ಕೀಲಿಕೈ ತಂದು ಕೊಟ್ರೂ ತೆಗೀಬಾರದು. ಇವನು ಹೊರಗಿದಾನೆ ಅಂತ ನಾನೇ ಹೇಳಿದ್ರೂ ನಂಬಬೇಡ. ಫೋಟೊದಲ್ಲಿರೋ ಮುಖ ಕಣ್ಣಾರೆ ನೋಡ್ಬೇಕು, ಆಮೇಲೆ."

"ಕಣ್ಣಾರೆ" ಎಂದ ಮೀಸೆ. ಮರುದಿನ ಭಾವ ಪರೀಕ್ಷೆ ಮಾಡಲೆಂದು ತನ್ನ ಬೀಗ ಹಾಕಿಟ್ಟು ಭಾಮೈದನ ಕೈಯಲ್ಲಿ ಕೀಲಿಕೈ ಕಳಿಸಿದರೆ, ಮೀಸೆ ಅವನನ್ನು ಮೋಟಾರ್ ಕೋಣೆಯ ಬಾಗಿಲಿನಿಂದಲೇ ಹಿಂದಕ್ಕೆ ಅಟ್ಟಿದ. ಭಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸ್ವಂತ ಭಾಮೈದನಿಗೆ ಇಷ್ಟು ವರ್ಷ ಹೇಳಿದರೂ ತಲೆಗೆ ಹತ್ತದ್ದು ಪರದೇಶದವನಿಗೆ ಒಂದೇ ಟೊಮೇಟೊದಲ್ಲಿ ಹತ್ತಿತ್ತು.

ಕೆಲಸ ಅರ್ಧ ಆಗಿರುವಾಗ ಆ ಊರಿಗೆ ಎರಡು ಪೀಡೆ ಒಟ್ಟಿಗೆ ಬಂದವು. ಮೊದಲನೆಯದು ಜ್ವರ. ಕೆಮ್ಮು, ಮೈಕೈ ನೋವು, ಆಮೇಲೆ ಕೆಲವರಿಗೆ ಉಸಿರಾಟದ ತೊಂದರೆ. ಆಸ್ಪತ್ರೆಯ ನಾಲ್ಕನೇ ಮಹಡಿಯನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟರು, ಆಮ್ಲಜನಕದ ಕೊಳವೆ ಇದ್ದದ್ದು ಅಲ್ಲಿ ಮಾತ್ರ. ಎರಡನೆಯದು ಗಲಭೆ. ಚುನಾವಣೆ ಮುಂದೆ ಹೋಯಿತೆಂದು ಜನ ಚೌಕದಲ್ಲಿ ಕೂತರು, ಎಬ್ಬಿಸಲು ಸೈನಿಕರು ಬಂದರು, ಆಮೇಲೆ ಕೂತವರೂ ಏಳಲಿಲ್ಲ, ಬಂದವರೂ ಹೋಗಲಿಲ್ಲ. ಬೀದಿಯಲ್ಲಿ ಟೈರು ಸುಟ್ಟ ವಾಸನೆ, ಅಂಗಡಿಗಳ ಷಟರ್ ಅರ್ಧ ಕೆಳಗೆ. ಯಾರ ಪಕ್ಷ ಸರಿ ಎಂದು ಭಾವ ಯೋಚಿಸಲಿಲ್ಲ. ಊರಿನವರ ಜಗಳದಲ್ಲಿ ನೆಂಟ ಬಾಯಿ ಹಾಕಬಾರದು ಎಂಬುದು ಅವನ ಲೆಕ್ಕ.

ಅವನ ಎಚ್ಚರಿಕೆಗೆ ಈಗ ಸುಗ್ಗಿ. ಪಾಸ್‌ಪೋರ್ಟು ಒಳಅಂಗಿಯಲ್ಲಿ, ಅದರ ನಕಲು ಬೂಟಿನಲ್ಲಿ. ಗುಂಪು ಕಂಡರೆ ಅಡ್ಡದಾರಿ. ಫೋಟೊ ತೆಗೆಯುವಂತಿಲ್ಲ. ಕೈ ಜೇಬಿನಲ್ಲಿಟ್ಟು ನಡೆಯುವಂತಿಲ್ಲ. ಹೊರಗಿಂದ ಬಂದರೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು. ಭಾಮೈದನ ಹಣೆ ಮುಟ್ಟಿ ಜ್ವರ ನೋಡುವುದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

"ನನ್ನನ್ನ ಮುಟ್ಟಿ ಮುಟ್ಟಿ ನಿಮಗೇ ಬರುತ್ತೆ ನೋಡಿ" ಎಂದು ಅವನು ರೇಗಿಸಿದರೆ, "ಬರಲಿ ಬಿಡೋ. ನಿಮ್ಮಕ್ಕ ನನ್ನ ಹಣೆ ಕೇಳಿಲ್ಲ, ನಿನ್ನ ಹಣೆ ಕೇಳಿರೋದು" ಎನ್ನುತ್ತಿದ್ದ.

ಹೊರಡುವ ದಿನ ಅಂದುಕೊಂಡದ್ದಕ್ಕಿಂತ ಮುಂಚೆ ಬಂತು. ಹಗ್ಗ ಹಾಕಿ ಆಗಿತ್ತು, ಲಿಫ್ಟು ಓಡುತ್ತಿತ್ತು. ಉಳಿದದ್ದು ಲಿಫ್ಟು ಜಾರುವ ಹಳಿಗಳ ಬೋಲ್ಟು ಬಿಗಿಯುವುದು, ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲುವಂತೆ ಮಾಡುವುದು. ಬೆಳಿಗ್ಗೆ ಇಬ್ಬರೂ ಬೀಗ ಹಾಕಿ, ಮೂರನೇ ಮಹಡಿಯ ಬಾಗಿಲಿನಿಂದ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಇಳಿದು ಬೋಲ್ಟು ಬಿಗಿಯುತ್ತಿದ್ದರು. ಅಷ್ಟರಲ್ಲಿ ಕೆಳಗೆ ಬಸ್ಸಿನ ಹಾರ್ನು. ತಮ್ಮ ದೇಶದ ರಾಯಭಾರ ಕಚೇರಿಯ ಗುಮಾಸ್ತ ಮೆಟ್ಟಿಲು ಹತ್ತಿ ಬಂದು ಬಾಗಿಲಿನ ಅಂಚಿನಲ್ಲಿ ಬಗ್ಗಿ ಕೂಗಿದ.

"ಸಂಜೆಗೆ ವಿಮಾನ ನಿಲ್ದಾಣ ಮುಚ್ಚುತ್ತೆ. ಇದೇ ಕೊನೇ ವಿಮಾನ. ಈಗ ಬಂದ್ರೆ ಬಂದಿರಿ, ಇಲ್ಲದಿದ್ರೆ ಇಲ್ಲೇ ಇರಿ."

ಭಾವ ಭಾಮೈದನನ್ನು ತೋಳು ಹಿಡಿದು ಮೇಲಕ್ಕೆ ಎಳೆದ, ಬಾಗಿಲು ಮುಚ್ಚಿದ. ಅದು ತಾನೇ ಚಿಲಕ ಹಾಕಿಕೊಳ್ಳುವ ಬಾಗಿಲು, ತೆರೆಯುವ ಮೂರು ಮೂಲೆಯ ಕೀಲಿಕೈ ಅವನ ಜೇಬಿನಲ್ಲಿ. ಮೆಟ್ಟಿಲು ಇಳಿಯುತ್ತ ಪಾಸ್‌ಪೋರ್ಟು ಮುಟ್ಟಿ ನೋಡಿಕೊಂಡ, ಮಾಸ್ಕು ನೋಡಿಕೊಂಡ, ಮಾತ್ರೆ ನೋಡಿಕೊಂಡ, ಭಾಮೈದ ಹಿಂದೆ ಇದ್ದಾನೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡಿಕೊಂಡ. ಮೀಸೆ ಎಲ್ಲೂ ಕಾಣಲಿಲ್ಲ, ಹಿಂದಿನ ಗೇಟಿನಲ್ಲಿ ಸಿಲಿಂಡರ್ ಇಳಿಸುತ್ತಿದ್ದ. ಕಿಟಕಿಯಲ್ಲಿ ಚೀಟಿ ಕೊಡುವ ಹುಡುಗಿಗೆ "ಹೋಗ್ತಿದೀವಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಮೋಟಾರ್ ಕೋಣೆಗೆ ಹತ್ತಿ ಬೀಗ ತೆಗೆಯಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಭಾಮೈದನಿಗೆ ಹೊಳೆಯದ್ದು ದೊಡ್ಡ ಮಾತಲ್ಲ. ಭಾವನಿಗೆ ಹೊಳೆಯಲಿಲ್ಲ ನೋಡಿ, ಅಲ್ಲೇ ಎಡವಟ್ಟಾದದ್ದು.

ವಿಮಾನ ನಿಲ್ದಾಣದಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ಭಾಮೈದ ಪಾಸು, ಭಾವನೂ ಪಾಸು. ಭಾವನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಮುಂದೆ ಲೋಹದ ಸಾಮಾನನ್ನೆಲ್ಲ ತಟ್ಟೆಗೆ ಹಾಕಬೇಕಾದ ಜಾಗ. ಬೆಲ್ಟು ಹಾಕಿದ, ಗಡಿಯಾರ ಹಾಕಿದ. ಆದರೂ ಯಂತ್ರ ಕೂಗಿತು. ಕೊರಳಿನ ದಾರ ಎಳೆದು ನೋಡಿದರೆ ಕೀಲಿಕೈ.

ಹಿಂದೆ ನಿಂತಿದ್ದ ಭಾಮೈದನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಅಲ್ಲಿದ್ದ ದಾರವನ್ನೂ ಎಳೆದ. ಇನ್ನೊಂದು ಕೀಲಿಕೈ.

"ಅಯ್ಯೋ" ಎಂದ ಭಾಮೈದ, ಮೆಲ್ಲಗೆ.

ಇಬ್ಬರೂ ಸಾಲಿನಿಂದ ಆಚೆ ಬಂದು ಒಂದು ಕಂಬದ ಪಕ್ಕ ನಿಂತರು. ಭಾವ ಆಸ್ಪತ್ರೆಗೆ ಫೋನು ಮಾಡಿ ನೋಡಿದ. ಗಲಭೆಗೆ ಹೆದರಿ ಸರ್ಕಾರ ಊರಿನ ಫೋನನ್ನೆಲ್ಲ ಬೆಳಿಗ್ಗೆಯೇ ಕತ್ತರಿಸಿ ಹಾಕಿತ್ತು.

"ಬೀಗ ತಾನೇ ಭಾವ, ಗರಗಸ ಹಿಡಿದು ಕತ್ತರಿಸ್ತಾರೆ ಬಿಡಿ."

"ಬೇರೆ ಕಡೆ ಆಗಿದ್ರೆ ಕತ್ತರಿಸ್ತಿದ್ರು. ಇಲ್ಲಿ ಮೀಸೆ ಬಿಡಲ್ಲ."

"ಅವನ್ಯಾರು ಬಿಡದೆ ಇರೋಕೆ?"

"ನಾನೇ ಕಲಿಸಿದ್ದಲ್ವೇನೋ."

"ಬಸ್ ಡ್ರೈವರ್ ಕೈಲಿ ಕೀಲಿಕೈ ಕೊಟ್ಟು ಕಳಿಸೋಣ."

"ನಿನ್ನನ್ನೇ ಅಟ್ಟಿದವನು ಡ್ರೈವರನ್ನ ನಂಬ್ತಾನಾ?"

ಭಾವನಿಗೆ ಭಯವಾಗಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆ ಜ್ವರದ ಮಹಡಿ, ಆ ಸುಡುವ ಬೀದಿ ಎರಡನ್ನೂ ಬಿಟ್ಟು ಹಾರಿಹೋಗಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ಗಾಜಿನಾಚೆ ವಿಮಾನ ಕಾಣುತ್ತಿತ್ತು, ಅದರ ಬಾಗಿಲೂ ತೆರೆದಿತ್ತು. ಇಬ್ಬರೂ ಹಿಂದಕ್ಕೆ ಹೋದರೆ ಹೆಂಡತಿಗೆ ಕೊಟ್ಟ ಮಾತು ಹೋಯಿತು. ಇಬ್ಬರೂ ಮುಂದಕ್ಕೆ ಹೋದರೆ, ಆ ಕಿರಿದಾದ ಮೆಟ್ಟಿಲ ಮೇಲೆ ಉಸಿರು ಸಿಗದವರನ್ನು ಹೊತ್ತು ಹತ್ತಿಸುವವರ ಪಾಡೇನು? ಹೊರಲು ಆಗದವರ ಪಾಡೇನು? ಲಿಫ್ಟನ್ನು ಸರಿಮಾಡಲು ಬಂದವನೇ ಅದನ್ನು ಬೀಗ ಜಡಿದು ಓಡಿಹೋದ ಹಾಗಾಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಭಾಮೈದನ ಕೊರಳಿನ ದಾರವನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡ.

"ನೀನು ಹೋಗು."

"ಅಕ್ಕನಿಗೆ ಏನಂತ ಹೇಳ್ಲಿ?"

"ಕೆಲಸ ಮುಗ್ದಿಲ್ಲ ಅಂತ ಹೇಳು. ಮಾಸ್ಕ್ ಇಳಿಸಬೇಡ. ವಿಮಾನದಲ್ಲಿ ಏನೂ ಮುಟ್ಟಬೇಡ. ಮನೆಗೆ ಹೋದ ತಕ್ಷಣ ಸ್ನಾನ ಮಾಡು."

ಭಾಮೈದ ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಭಾವನ ಹಣೆ ಮುಟ್ಟಿ ನೋಡಿದ. "ಜ್ವರ ಇಲ್ಲ" ಎಂದ. ಆಮೇಲೆ ಹೋದ.

ಖಾಲಿ ಬಸ್ಸು ಹಿಂತಿರುಗುತ್ತಿತ್ತು. ಡ್ರೈವರು ಭಾವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ ಹತ್ತಿಸಿಕೊಂಡ, ಸೇತುವೆಯ ಹತ್ತಿರ ಇಳಿಸಿದ. ಅಲ್ಲಿಂದಾಚೆ ಬಸ್ಸು ಬಿಡುತ್ತಿರಲಿಲ್ಲ. ಬಿಸಿಲು ಇನ್ನೂ ಇತ್ತು. ಭಾವ ಎರಡೂ ಕೈ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು, ಗೋಡೆಯ ಪಕ್ಕ ಹಿಡಿದು, ಓಡದೆ ನಡೆದ. ಓಡುವವನನ್ನು ಎರಡೂ ಪಕ್ಷದವರು ಅಟ್ಟಿಸಿಕೊಂಡು ಬರುತ್ತಾರೆ. ಒಂದು ತಿರುವಿನಲ್ಲಿ ಸೈನಿಕನೊಬ್ಬ ತಡೆದು ಮೈಯೆಲ್ಲ ತಡಕಿ, ಕೊರಳಿನ ಎರಡು ಕೀಲಿಕೈ ಹಿಡಿದು ಏನಿದು ಎಂದು ಕೇಳಿದ. ಭಾವ ಆಸ್ಪತ್ರೆಯ ಕಡೆ ಬೆರಳು ತೋರಿಸಿ, ಅಂಗೈಯನ್ನು ನೆಲದಿಂದ ಮೇಲಕ್ಕೆ ನಿಧಾನವಾಗಿ ಏರಿಸಿದ. ಸೈನಿಕನೂ ಯಾರದೋ ಮಗ, ಅವನ ಮನೆಯವರೂ ಯಾರಾದರೂ ಆ ಮಹಡಿಯಲ್ಲಿದ್ದರೋ ಏನೋ, ಬೀಡಿ ಹಿಡಿದ ಕೈಯಿಂದಲೇ ಹೋಗೆಂದು ಸನ್ನೆ ಮಾಡಿದ.

ಆಸ್ಪತ್ರೆಯಲ್ಲಿ ಭಾವ ಅಂದುಕೊಂಡ ಹಾಗೇ ಆಗಿತ್ತು. ಕಿಟಕಿಯ ಹುಡುಗಿ ತನಗೇ ಜ್ವರ ಬಂದು ಬಸ್ಸು ಹೋದ ಬೆನ್ನಿಗೇ ಮನೆಗೆ ಹೋಗಿದ್ದಳು, ಅವಳು ಯಾರಿಗೂ ಏನೂ ಹೇಳಿರಲಿಲ್ಲ. ಮೆಟ್ಟಿಲಲ್ಲಿ ಇಬ್ಬರು ಒಬ್ಬ ಮುದುಕನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಹತ್ತಿಸುತ್ತಿದ್ದರು, ಪ್ರತಿ ತಿರುವಿನಲ್ಲೂ ಕುರ್ಚಿಯ ಕಾಲು ಗೋಡೆಗೆ ತಗಲಿ ಹಸಿರು ಬಣ್ಣ ಕಿತ್ತುಬಂದಿತ್ತು. ಭಾವ ಅವರ ಹಿಂದೆ ಹತ್ತಿ ಮೂರನೇ ಮಹಡಿಗೆ ಬಂದವನು ಅಲ್ಲೇ ನಿಂತ.

ಲಿಫ್ಟಿಗೆ ಡ್ರಿಪ್ ಹಾಕಿದ್ದರು. ಮುಚ್ಚಿದ ಬಾಗಿಲಿನ ಮುಂದೆ ಡ್ರಿಪ್ಪಿನ ಕಂಬ, ಅದರಲ್ಲಿ ತಲೆಕೆಳಗಾಗಿ ತೂಗುವ ನೀರಿನ ಬಾಟಲಿ, ಅದರಿಂದ ಹೊರಟ ಸಣ್ಣ ಕೊಳವೆ ಬಾಗಿಲಿನ ಸಂದಿಯಿಂದ ಒಳಗೆ ಹೋಗಿತ್ತು. ಬಾಗಿಲಿನ ಕೆಳಗಿನ ಅಂಚು ಕಬ್ಬಿಣದ ಸಲಾಕೆ ಹಾಕಿ ಮೀಟಿ ಸೊಟ್ಟಗಾಗಿತ್ತು, ಆದರೂ ಬಿಟ್ಟುಕೊಟ್ಟಿರಲಿಲ್ಲ. ಅದರ ಚಿಲಕ ರಿಪೇರಿ ಮಾಡಿದ್ದೂ ಭಾವನೇ. ಮೀಸೆ ಬಾಗಿಲಿಗೆ ಕೆನ್ನೆ ಒತ್ತಿ ಕೂತು, ಸಂದಿಯಲ್ಲಿ ಒಂದು ಬ್ರೆಡ್ಡಿನ ತುಂಡನ್ನು ತಳ್ಳುತ್ತ ಒಳಗೆ ಏನೋ ಹೇಳುತ್ತಿದ್ದ. ಕೂಗಿ ಕೂಗಿ ಕಂಠ ಕಟ್ಟಿಹೋಗಿತ್ತು.

ದೊಡ್ಡ ನರ್ಸು ಅವನ ತಲೆಯ ಮೇಲೆ ನಿಂತು ಬೈಯುತ್ತಿದ್ದಳು. ಭಾವನನ್ನು ಕಂಡು ಅವನ ಕಡೆ ತಿರುಗಿದಳು.

"ಬೀಗ ಒಡೀರಿ ಅಂತ ಬೆಳಗ್ಗೆಯಿಂದ ಬಡ್ಕೊಳ್ತಿದೀನಿ. ಮೇಲಿನ ಕೋಣೆಗೂ ಬೀಗ ಜಡಿದು ಬಂದು ಇಲ್ಲಿ ಕೂತಿದಾನೆ. ಒಳಗೆ ಇಬ್ರು ಜ್ವರ ಬಂದು ಬಿದ್ದಿದಾರೆ, ಕರೆಂಟ್ ಕೊಟ್ರೆ ಜಜ್ಜಿಹೋಗ್ತಾರೆ ಅಂತಾನೆ."

ಮೀಸೆ ಎದ್ದ. ಕೀಲಿಕೈ ನೋಡಲಿಲ್ಲ, ಮುಖ ನೋಡಿದ. ಕೈ ನೀಡಿ ಭಾವನ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮತ್ತೆ ನೋಡಿದ. ಬೇರೆ ದಿನವಾಗಿದ್ದರೆ ಭಾವ ಮಾರುದೂರ ಹಾರುತ್ತಿದ್ದ. ಈಗ ಸುಮ್ಮನೆ ನಿಂತ.

"ಇನ್ನೊಬ್ರು?"

"ವಿಮಾನದಲ್ಲಿ ಹೋದ. ಕೀಲಿಕೈ ಇಲ್ಲಿದೆ ನೋಡು."

ಮೀಸೆ ತಲೆಯಾಡಿಸಿದ. "ನೀವೇ ಹೇಳಿದ್ರೂ ನಂಬಬೇಡ ಅಂದಿದ್ರಿ."

ಕಲಿಸಿದ ಪಾಠ ಗುರುವಿಗೇ ತಿರುಗಿ ನಿಂತಾಗ ಗುರು ಏನು ಮಾಡಬೇಕು? ಭಾವ ಮೂರು ಮೂಲೆಯ ಕೀಲಿಕೈ ಹಾಕಿ ಬಾಗಿಲು ಸರಿಸಿದ. ಟಾರ್ಚಿನ ಬೆಳಕಿನಲ್ಲಿ ಪೆಟ್ಟಿಗೆಯ ನೆತ್ತಿ ಕಂಡಿತು. ಅದರ ತುಂಬ ಬ್ರೆಡ್ಡಿನ ತುಂಡುಗಳು, ನಡುವೆ ನೀರಿನ ಮಡು. ಮೀಸೆ ತಾನೇ ಇಳಿದ. ಮೂಲೆ ಮೂಲೆ ತಡಕಿದ, ಅಂಚಿಗೆ ಹೊಟ್ಟೆ ಊರಿ ಮಲಗಿ ಬಾವಿಯ ತಳಕ್ಕೆ ಬೆಳಕು ಬಿಟ್ಟು ನೋಡಿದ. ಮೇಲೆ ಬಂದು "ಇಲ್ಲ" ಎಂದ. ಆಮೇಲೆ ಗೋಡೆಗೆ ಒರಗಿ ಒಂದು ಗಳಿಗೆ ಅತ್ತ. ಅತ್ತದ್ದು ಸಮಾಧಾನಕ್ಕೋ ಸಿಟ್ಟಿಗೋ ಭಾವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಬಾಗಿಲು ಮುಚ್ಚಿ ಇಬ್ಬರೂ ಮೋಟಾರ್ ಕೋಣೆಗೆ ಹೋದರು. ಭಾವ ಎರಡು ಬೀಗ ತೆಗೆದು ಮೇನ್ ಸ್ವಿಚ್ಚು ಎತ್ತಿದ. ಹೊಸ ಹಗ್ಗ ಸದ್ದಿಲ್ಲದೆ ಓಡಿತು. ಇಬ್ಬರೂ ಮೆಟ್ಟಿಲಿಳಿದು ಬಂದರು. ಕೆಳಗೆ ಲಿಫ್ಟಿನ ಬಾಗಿಲು ತೆರೆದುಕೊಳ್ಳುವ ಹೊತ್ತಿಗೆ ಮೀಸೆ ಮೆಟ್ಟಿಲ ಕೆಳಗಿನ ಗೋಡೆ ಪಕ್ಕದಲ್ಲಿದ್ದ ಒಂದು ಸ್ಟ್ರೆಚರನ್ನು ತಾನೇ ತಳ್ಳಿಕೊಂಡು ಬಂದ. ಅದರ ಮೇಲೆ ಒಬ್ಬ ಮುದುಕಿ. ಕುರ್ಚಿಯಲ್ಲಿ ಕೂರಿಸಿದರೆ ಉಸಿರು ನಿಲ್ಲುತ್ತದೆಂದು ಆಕೆಯನ್ನು ಹೊತ್ತೊಯ್ಯಲು ಆಗಿರಲಿಲ್ಲ. ಪಕ್ಕದ ಸಣ್ಣ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದು ನಿಂತಿತ್ತು. ಆಕೆಯ ತುಟಿ ನೀಲಿಯಾಗಿತ್ತು.

ಲಿಫ್ಟು ಮೇಲೇರಿತು.

"ಯಾರಿದು?" ಎಂದು ಭಾವ ಕೇಳಿದ.

"ನಮ್ಮಮ್ಮ."

ಭಾವ ಸಿಲಿಂಡರಿನ ಮುಳ್ಳನ್ನು ಮತ್ತೊಮ್ಮೆ ನೋಡಿದ. "ಬೆಳಗ್ಗೆಯಿಂದ ಕೆಳಗೇ ಇದ್ರಾ? ಮತ್ತೆ ಒಂದು ಬೀಗ ಒಡೀಬಾರದಾಗಿತ್ತಾ?"

ಮೀಸೆ ಅವನ ಮುಖವನ್ನೇ ನೋಡಿದ. ಇಂಥ ಪ್ರಶ್ನೆಯನ್ನು ಈತ ಕೇಳಬಹುದೆಂದು ಅವನು ಅಂದುಕೊಂಡಿರಲಿಲ್ಲ.

"ಒಳಗೆ ನೀವಿದ್ರಲ್ಲ" ಎಂದ.

ನಾಲ್ಕನೇ ಮಹಡಿಯಲ್ಲಿ ಲಿಫ್ಟು ನೆಲದ ಮಟ್ಟಕ್ಕಿಂತ ಬೆರಳಷ್ಟು ಕೆಳಗೆ ನಿಂತಿತು. ಆ ಕೆಲಸವೇ ಬಾಕಿ ಉಳಿದಿದ್ದದ್ದು. ಇಬ್ಬರೂ ಸ್ಟ್ರೆಚರಿನ ಗಾಲಿಗಳನ್ನು ಎತ್ತಿ ಆಚೆ ಇಟ್ಟರು. ಆ ದಿನಗಳಲ್ಲಿ ಆ ಮಹಡಿಗೆ ಹೋದವರೆಲ್ಲ ಉಳಿಯಲಿಲ್ಲ. ಈಕೆ ಉಳಿದಳು. ಉಳಿಯದಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಭಾವ ಆಮೇಲೆ ಎಷ್ಟೋ ಸಲ ಯೋಚಿಸಿದ, ಯೋಚನೆ ಪೂರ್ತಿ ಮಾಡುವ ಮೊದಲೇ ಎದ್ದು ಕೈ ತೊಳೆಯಲು ಹೋಗುತ್ತಿದ್ದ.

ಫೋನು ಮತ್ತೆ ಬಂದದ್ದು ಬಾಕಿ ಕೆಲಸವೆಲ್ಲ ಮುಗಿದ ಮೇಲೆ. ಭಾವ ಮೋಟಾರ್ ಕೋಣೆಯಲ್ಲಿ ಸಾಮಾನು ಕಟ್ಟುತ್ತಿದ್ದ. ಮೀಸೆ ಬಾಗಿಲಲ್ಲಿ ಕೂತಿದ್ದ. ಬೀಗದಿಂದ ಬಿಚ್ಚಿದ ಎರಡೂ ಫೋಟೊ ತಗಡು ಗೋಡೆಯ ಮೊಳೆಯಲ್ಲಿ ಇನ್ನೂ ತೂಗುತ್ತಿದ್ದವು. ಬೀಗ ತೆಗೆಯಲು ಒಪ್ಪಿದ್ದ ಮೀಸೆ ಭಾಮೈದನ ತಗಡು ತೆಗೆಯಲು ಒಪ್ಪಿರಲಿಲ್ಲ. ಬಾವಿಯಲ್ಲಿ ಇಲ್ಲ ಎಂಬುದನ್ನಷ್ಟೇ ತಾನು ನೋಡಿರುವುದು, ಎಲ್ಲಿದ್ದಾನೆ ಎಂಬುದನ್ನು ನೋಡಿಲ್ಲ ಎಂಬುದು ಅವನ ವಾದ.

ಫೋನಿನಲ್ಲಿ ಹೆಂಡತಿಯ ಮುಖ ಬಂತು. ಅವಳು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಭಾವ, "ಅವನನ್ನ ಒಂದು ಸಲ ಮುಂದೆ ನಿಲ್ಸು" ಎಂದ. ಭಾಮೈದ ಬಾಯಿ ತುಂಬ ಏನನ್ನೋ ಅಗಿಯುತ್ತ ಬಂದು ನಿಂತ. ಭಾವ ಫೋನನ್ನು ಮೀಸೆಯ ಕೈಗೆ ಕೊಟ್ಟ. ಮೀಸೆ ತಗಡನ್ನು ಫೋನಿನ ಪಕ್ಕ ಹಿಡಿದು ಆ ಮುಖ ನೋಡಿದ, ಈ ಮುಖ ನೋಡಿದ, ಆಮೇಲೆ ತಗಡನ್ನು ಭಾವನ ಕೈಗೆ ಕೊಟ್ಟ.

"ಯಾರ್ರೀ ಅದು ಮೀಸೆಯವರು?" ಎಂದಳು ಹೆಂಡತಿ. "ಇವನೇನೋ ಹೋದ ಹಾಗೇ ಬಂದಿದಾನೆ, ಒಂದು ಕೂದಲೂ ಕೊಂಕಿಲ್ಲ. ನಿಮ್ಮನ್ನ ಕಳಿಸೋರು ಯಾರು?"

"ಬರ್ತೀನಿ. ವಿಮಾನ ಬಿಟ್ಟ ತಕ್ಷಣ ಬರ್ತೀನಿ" ಎಂದು ಭಾವ ತನ್ನ ತಗಡನ್ನೂ ತೆಗೆದು ಚೀಲಕ್ಕೆ ಹಾಕಿಕೊಳ್ಳಲು ಮೊಳೆಯ ಕಡೆ ಕೈ ಚಾಚಿದ.

ಮೀಸೆ ಆ ಕೈಯನ್ನು ಹಿಡಿದುಕೊಂಡ.

"ನಿಮ್ಮದು ಇಲ್ಲೇ ಇರ್ಲಿ" ಎಂದ. "ಮನೆ ಸೇರಿದ ಮೇಲೆ ಅವರ ಪಕ್ಕ ನಿಂತು ಫೋನ್ ಮಾಡಿ. ನೋಡಿ ತೆಗೀತೀನಿ."